ಹೊಟ್ಟೆ ಮಾತು ಬಿಟ್ಟ ವರ್ಷ

ನಮ್ಮೂರಿನಲ್ಲಿ ಎಲ್ಲರ ಹೊಟ್ಟೆಯೂ ಮಾತಾಡುತ್ತದೆ. ಗುರುಗುಟ್ಟುವುದಲ್ಲ, ಮಾತೇ. ಏನು ತಿಂದೆ, ಎಷ್ಟು ತಿಂದೆ, ಇನ್ನೇನು ಬೇಕು, ಅದರ ವಿಷಯ ಇಷ್ಟೇ. ಬೇರೆ ಯಾವುದಕ್ಕೂ ಅದು ತಲೆ ಹಾಕುವುದಿಲ್ಲ. ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ. ಹಾಗಾಗಿ ನೆಂಟರ ಮನೆಗೆ ಹೋದಾಗ "ಈಗ ತಾನೇ ಊಟ ಮಾಡ್ಕೊಂಡ್ ಬಂದೆ" ಎನ್ನುವ ಪದ್ಧತಿಯನ್ನು ನಮ್ಮವರು ಯಾವತ್ತೋ ಬಿಟ್ಟಿದ್ದಾರೆ. ಏಕಾದಶಿಯ ದಿನ ದೇವಸ್ಥಾನದಲ್ಲಿ ಕೆಲವರು ಕಂಬದ ಹಿಂದೆಯೇ ನಿಲ್ಲುತ್ತಾರೆ. ಸಕ್ಕರೆ ಕಾಯಿಲೆಯ ಗಂಡಂದಿರು ಹೆಂಡತಿಯ ಪಕ್ಕದಲ್ಲಿ ಕೂರುವುದಿಲ್ಲ. ಇನ್ನೊಬ್ಬರ ಹೊಟ್ಟೆ ಹೇಳಿದ್ದು ಕಿವಿಗೆ ಬಿದ್ದರೂ ಬೀಳದವರ ಹಾಗೆ ಇರುವುದು ಇಲ್ಲಿನ ಮರ್ಯಾದೆ.

ನನ್ನ ಹೆಸರು ತಿರುಮಲಯ್ಯ. ಬಸ್ ನಿಲ್ದಾಣದ ಎದುರಿಗಿರುವ ಎರಡು ಕುರ್ಚಿಯ ಕ್ಷೌರದಂಗಡಿ ನನ್ನದು, ನನಗಿಂತ ಮೊದಲು ನಮ್ಮಪ್ಪನದು. ನಮ್ಮ ಕಸುಬಿಗೆ ಈ ಊರಿನಲ್ಲಿ ಒಂದು ತೊಡಕಿದೆ. ಗಿರಾಕಿ ಕುರ್ಚಿಯಲ್ಲಿ ಕೂತು ತಲೆಯನ್ನು ಹಿಂದಕ್ಕೆ ಒರಗಿಸಿದನೆಂದರೆ ಅವನ ಕಿವಿ ಸರಿಯಾಗಿ ನಮ್ಮ ಹೊಟ್ಟೆಯ ಎತ್ತರಕ್ಕೆ ಬರುತ್ತದೆ. ನಮ್ಮಪ್ಪ ಮೂವತ್ತು ವರ್ಷ ಎರಡು ಇಡ್ಲಿ, ಒಂದು ಲೋಟ ಹಾಲು ಬಿಟ್ಟು ಬೇರೇನೂ ಬೆಳಿಗ್ಗೆ ತಿನ್ನಲಿಲ್ಲ. ಊರಿಗೆಲ್ಲ ಅದು ಬಾಯಿಪಾಠವಾಗಿತ್ತು.

ನಾನು ಕುಡಿಯಲು ಶುರುಮಾಡಿದ ಮೊದಲ ವರ್ಷಗಳಲ್ಲಿ ನನ್ನ ಹೊಟ್ಟೆ ಎಲ್ಲವನ್ನೂ ಒದರುತ್ತಿತ್ತು. "ಒಂದು ಕ್ವಾರ್ಟರ್, ಉಪ್ಪಿನಕಾಯಿ ಒಂದು ಚೂರು" ಎಂದು ಬೆಳಿಗ್ಗೆ ಎಂಟು ಗಂಟೆಗೇ ಗಿರಾಕಿಯ ಕಿವಿಯಲ್ಲಿ ಹೇಳುತ್ತಿತ್ತು. ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಗಿರಾಕಿಗಳು ಕಣ್ಣು ಮುಚ್ಚಿಕೊಂಡು ಹಾಡು ಕೇಳುತ್ತಿದ್ದರು. ಆಮೇಲಾಮೇಲೆ ಅದರ ದನಿ ಇಳಿಯಿತು. ಊಟ ಕೇಳುವುದನ್ನು ಬಿಟ್ಟಿತು, ತಿಂಡಿ ಕೇಳುವುದನ್ನು ಬಿಟ್ಟಿತು. ಒಂದು ಸೋಮವಾರ "ಬೇಡ" ಎಂದಿತು. ಏನು ಬೇಡವೆಂದು ಹೇಳಲಿಲ್ಲ. ಅವತ್ತೇ ಕೊನೆ, ಮತ್ತೆ ಅದು ತುಟಿ ಬಿಚ್ಚಲಿಲ್ಲ.

ಮೊದಮೊದಲು ನನಗೆ ಹಾಯೆನಿಸಿತು. ಇನ್ನು ರೇಡಿಯೋ ಬೇಡ ಎಂದುಕೊಂಡೆ. ಆದರೆ ಗಿರಾಕಿಗಳು ನಿಜವಾಗಿ ಹೆದರಿದ್ದು ಆಗಲೇ. ಮಾತಾಡುವ ಹೊಟ್ಟೆಯ ಕುಡುಕನಾದರೆ ಎಷ್ಟು ಕುಡಿದಿದ್ದಾನೆ ಎಂದಾದರೂ ತಿಳಿಯುತ್ತದೆ. ಮೂಕ ಹೊಟ್ಟೆಯವನಿಗೆ ಯಾರು ಕುತ್ತಿಗೆ ಕೊಡುತ್ತಾರೆ? ಅಷ್ಟರಲ್ಲಿ ನನ್ನ ಕೈ ನಡುಗಲೂ ಶುರುವಾಗಿತ್ತು. ಒಬ್ಬರ ಗದ್ದಕ್ಕೆ ಗಾಯ ಮಾಡಿದೆ, ಇನ್ನೊಬ್ಬರ ಮೀಸೆಯನ್ನು ಒಂದೇ ಕಡೆ ತೆಗೆದೆ. ಒಂದು ಇಡೀ ವಾರ ಯಾರೂ ಬರಲಿಲ್ಲ. ನನ್ನ ಹೆಂಡತಿ ನಾಗವೇಣಿ ಅಂಗಡಿಗೆ ಬೀಗ ಹಾಕಿ, ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹಳೇ ಐಸ್ ಫ್ಯಾಕ್ಟರಿಯಲ್ಲಿರುವ ಮದ್ಯ ಬಿಡಿಸುವ ಕೇಂದ್ರಕ್ಕೆ ಕರೆದೊಯ್ದಳು.

ಬಾಗಿಲಲ್ಲಿ ಅವಳು ಹೇಳಿದ್ದು ಎರಡೇ ಮಾತು. "ಹೋಗಿ. ಅವರು ಹೇಳ್ದಂಗೆ ಕೇಳಿ."

ಮೂರು ವಾರ ಅಲ್ಲಿದ್ದೆ. ಮೊದಲ ವಾರದ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ನೆನಪಿರುವಷ್ಟನ್ನೂ ಹೇಳಲು ಇಷ್ಟವಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ಕಾಲು ಜುಮ್ಮೆನ್ನುವುದಕ್ಕೆ ವಿಟಮಿನ್ ಇಂಜೆಕ್ಷನ್ ಚುಚ್ಚಿದರು. ಬಿಡುಗಡೆಯ ದಿನ, "ನನ್ನ ಕೆಲಸ ಸದ್ಯಕ್ಕೆ ಇಷ್ಟು. ಇನ್ನು ಮೂರು ತಿಂಗಳು ಮಂಗಳವಾರ, ಶುಕ್ರವಾರ ಊಟದ ಕ್ಲಾಸಿಗೆ ಬರ್ಬೇಕು" ಎಂದರು. ನನಗೆ ನಗು ಬಂತು. ನಲವತ್ತೇಳು ವರ್ಷದವನು ಉಣ್ಣುವುದನ್ನು ಕಲಿಯಬೇಕೇ ಎಂದು ಕೇಳಿದೆ. ಡಾಕ್ಟರು ನನ್ನ ಅಂಗಿಯ ಗುಂಡಿಗಳ ಕಡೆ ಬೆರಳು ತೋರಿಸಿ, "ಅದನ್ನೇ ಕೇಳಿ ನೋಡಿ" ಎಂದರು.

ಊಟದ ಕ್ಲಾಸು ನಡೆಯುತ್ತಿದ್ದದ್ದು ಹಿಂದೆ ಮಂಜುಗಡ್ಡೆ ತಯಾರಿಸುತ್ತಿದ್ದ ಕೋಣೆಯಲ್ಲಿ. ಒಂದು ಒಲೆ, ನಾಲ್ಕು ಪಾತ್ರೆ, ಗೋಡೆಗೊಂದು ಕಪ್ಪು ಹಲಗೆ. ಕಲಿಸುವವರು ವನಮಾಲಾ ಟೀಚರ್. ಕುಳ್ಳಗೆ, ದುಂಡಗೆ, ಕೈಯಲ್ಲಿ ಸದಾ ಮರದ ಸೌಟು. ಹಲಗೆ ತೋರಿಸಲೂ ಅದೇ, ಗಂಜಿ ತಿರುವಲೂ ಅದೇ. ನಾವು ಆರು ಜನ ವಿದ್ಯಾರ್ಥಿಗಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಬೋರ್‌ವೆಲ್ ಲಾರಿಯ ಡ್ರೈವರ್ ಅಂತೋಣಿ. ಕುಡಿತ ಬಿಟ್ಟು ನಲವತ್ತು ದಿನವಾಗಿತ್ತು. ಅವನ ಹೊಟ್ಟೆಗೆ ಮಾತು ಮರಳಿತ್ತು, ಆದರೆ ಒಂದೇ ಮಾತು: "ಜಿಲೇಬಿ." ಹತ್ತು ನಿಮಿಷಕ್ಕೊಮ್ಮೆ, ಬಸ್ ಕಂಡಕ್ಟರ್ ಊರಿನ ಹೆಸರು ಕೂಗುವ ಹಾಗೆ.

ಮೊದಲ ದಿನ ಟೀಚರ್ ಯಾರನ್ನೂ ಬಾಯಿಂದ ಏನೂ ಕೇಳಲಿಲ್ಲ. ಒಬ್ಬೊಬ್ಬರ ಮುಂದೆ ನಿಂತು ಕಾದರು. "ಕಾಫಿ" ಎಂದಿತು ಮೊದಲನೆಯವನ ಹೊಟ್ಟೆ. "ಕಾಫಿ, ಕಾಫಿ, ಬೀಡಿ" ಎಂದಿತು ಎರಡನೆಯದು. ಅಂತೋಣಿಯದು ಎಂದಿನಂತೆ "ಜಿಲೇಬಿ" ಎಂದಿತು. ನನ್ನ ಮುಂದೆ ಬಂದು ನಿಂತರು. ಏನೂ ಇಲ್ಲ. ಒಂದು ಸ್ಟೀಲ್ ಲೋಟವನ್ನು ನನ್ನ ಹೊಟ್ಟೆಗೆ ಬೋರಲು ಹಾಕಿ, ಅದಕ್ಕೆ ಕಿವಿ ಕೊಟ್ಟರು.

"ಸತ್ತೋಗಿದೆಯಾ ಮೇಡಂ?" ಎಂದೆ.

"ಇಲ್ಲ, ಉಸಿರಾಡ್ತಿದೆ. ನಿಮ್ಮ ಮೇಲೆ ಕೋಪ ಮಾಡ್ಕೊಂಡು ಕೂತಿದೆ ಅಷ್ಟೆ. ನಾನಾಗಿದ್ರೂ ಹಂಗೇ ಮಾಡ್ತಿದ್ದೆ."

ಆಮೇಲೆ ಹಲಗೆಯ ಮೇಲೆ ಎಣ್ಣೆಯಲ್ಲಿ ಕರಿದ ಪದಾರ್ಥಗಳ ಬಗ್ಗೆ ಬರೆಯತೊಡಗಿದರು. ಇಷ್ಟು ವರ್ಷದ ಕುಡಿತಕ್ಕೆ ಸೋತ ಪಿತ್ತಜನಕಾಂಗ, ಅದಕ್ಕೆ ಇನ್ನಷ್ಟು ಭಾರ ಹೊರಿಸಬಾರದು ಎಂದು ಅರ್ಧ ಹೇಳಿದ್ದರು, ಅಷ್ಟರಲ್ಲಿ ಅವರ ಸೆರಗಿನ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು: "ಮೆಣಸಿನಕಾಯಿ ಬಜ್ಜಿ."

ನಾವು ಆರೂ ಜನ ಕಿಟಕಿಯಾಚೆ ನೋಡಿದೆವು. ಟೀಚರ್ ಸೌಟಿನಿಂದ ಮೇಜು ಕುಟ್ಟಿದರು. "ಆ ಮರ್ಯಾದೆ ಊರೊಳಗೆ ಇಟ್ಕೊಳ್ಳಿ. ಈ ಕೋಣೇಲಿ ಕೇಳ್ಸಿದ್ದು ಕೇಳ್ಸಿತು ಅನ್ಬೇಕು. ಹೌದು, ಬೆಳಿಗ್ಗೆ ಬಸ್ ಸ್ಟ್ಯಾಂಡಲ್ಲಿ ತಿಂದೆ. ಎರಡು."

"ನಾಲ್ಕು" ಎಂದಿತು ಹೊಟ್ಟೆ.

"ನಾಲ್ಕು" ಎಂದು ಟೀಚರ್ ಒಪ್ಪಿಕೊಂಡು, ಹಲಗೆಯ ಕಡೆ ತಿರುಗಿ ಪಾಠ ಮುಂದುವರಿಸಿದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ.

ಅಂತೋಣಿಯನ್ನು ಅವರು ಬಿಡಲಿಲ್ಲ. "ಬಾಟ್ಲಿ ಬಿಟ್ಟು ಜಿಲೇಬಿ ಹಿಡ್ಕೊಂಡಿದ್ದೀರಲ್ಲ" ಎಂದರು. "ನಾನಲ್ಲ ಮೇಡಂ ಕೇಳ್ತಿರೋದು, ಅದು" ಎಂದು ಅವನು ಹೊಟ್ಟೆಯ ಮೇಲೆ ದೂರು ಹೇಳಿದ. ಟೀಚರ್ ಅದರ ಕಡೆಗೇ ಬಗ್ಗಿ ಹೇಳಿದರು, "ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಒಂದು ರೊಟ್ಟಿ. ವಾರ ಹೀಗೆ ಮಾಡು. ಆಮೇಲೂ ಜಿಲೇಬಿ ಬೇಕಿದ್ರೆ ನಾನೇ ತಂದ್ಕೊಡ್ತೀನಿ." ಮುಂದಿನ ಶುಕ್ರವಾರದ ಹೊತ್ತಿಗೆ ಅದು ಕ್ಲಾಸಿನಲ್ಲಿ ಒಂದೇ ಒಂದು ಸಲ "ಜಿಲೇಬಿ" ಎಂದಿತು. ಅದೂ ತಗ್ಗಿದ ದನಿಯಲ್ಲಿ, ಹಾಜರಿ ಹೇಳುವವರ ಹಾಗೆ.

ನನ್ನ ಕಷ್ಟ ಬೇರೆಯದಾಗಿತ್ತು. ದಿನಾ ಸಂಜೆ ಐದಕ್ಕೆ ಕಾಲುಗಳು ತಾವಾಗಿ ವೈನ್ ಶಾಪಿನ ಕಡೆ ತಿರುಗುತ್ತಿದ್ದವು. ಮೈ ಬೆವರುತ್ತಿತ್ತು, ನಾಲಿಗೆ ಒಣಗುತ್ತಿತ್ತು. ನಾಗವೇಣಿಯ ತಂಗಿಯ ಮನೆಯ ದಾರಿ ಹಿಡಿದೋ, ಕೆರೆಯ ಏರಿ ಹತ್ತಿಯೋ ತಪ್ಪಿಸಿಕೊಳ್ಳುತ್ತಿದ್ದೆ. ಟೀಚರಿಗೆ ಹೇಳಿದೆ.

"ಮಧ್ಯಾಹ್ನ ಏನ್ ಉಂಡ್ರಿ?"

"ಹಸಿವಿರ್ಲಿಲ್ಲ ಮೇಡಂ."

"ಇತ್ತು. ಹೇಳ್ಬೇಕಾದ್ದು ಮಾತು ಬಿಟ್ಟಿದೆಯಲ್ಲ, ನಿಮಗೆ ಹೆಂಗೆ ಗೊತ್ತಾಗ್ಬೇಕು? ಹತ್ತು ವರ್ಷ ಹಸಿವಾದಾಗೆಲ್ಲ ಎಣ್ಣೆ ಹಾಕಿದ್ರಿ. ಈಗ ಮೈಗೆ ಯಾವುದು ಹಸಿವು, ಯಾವುದು ಕುಡಿಯೋ ಆಸೆ ಅಂತ ತಿಳೀತಿಲ್ಲ. ಎರಡಕ್ಕೂ ಒಂದೇ ಥರ ಬೆವರ್ತದೆ. ಮೂರು ಗಂಟೆಗೊಂದ್ಸಲ ಏನಾದ್ರೂ ತಿನ್ನಿ, ಹಸಿವಿರ್ಲಿ ಇಲ್ದಿರ್ಲಿ. ನಾಲ್ಕೂವರೆಗೆ ಒಂದು ಹಿಡಿ ಹುರಿಗಡಲೆ, ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ. ಆಮೇಲೆ ಇಪ್ಪತ್ತು ನಿಮಿಷ ಕೂತ್ಕೊಳ್ಳಿ. ಆಗ್ಲೂ ಬೇಕೇ ಬೇಕು ಅನ್ಸಿದ್ರೆ ನಂಗೆ ಫೋನ್ ಮಾಡಿ."

"ಇಷ್ಟಕ್ಕೇ ಹೋಗ್ತದಾ ಮೇಡಂ?"

"ಎಲ್ಲಾ ಸಲ ಹೋಗಲ್ಲ. ಹತ್ತರಲ್ಲಿ ಆರು ಸಲ ಹೋದ್ರೆ ಆ ಆರು ದಿನ ಗೆದ್ರಲ್ಲ."

ಹಾಗೆಯೇ ಮಾಡಿದೆ. ಆರಕ್ಕಿಂತ ಹೆಚ್ಚೇ ಗೆದ್ದೆ. ಫೋನನ್ನೂ ಮಾಡಿದ್ದೇನೆ, ಟೀಚರ್ ಆ ಕಡೆಯಿಂದ ಮಸಾಲೆ ಅರೆಯುತ್ತಲೇ ಅರ್ಧ ಗಂಟೆ ನನ್ನೊಡನೆ ಬದನೆಕಾಯಿಯ ಬಗ್ಗೆ ಮಾತಾಡಿದ್ದಾರೆ.

ಮನೆಯಲ್ಲಿ ಮಾತ್ರ ಎಡವಟ್ಟಾಗುತ್ತಿತ್ತು. ಗಂಡ ಉಳಿದು ಬಂದನೆಂಬ ಖುಷಿಗೆ ನಾಗವೇಣಿ ದಿನವೂ ಹಬ್ಬ ಮಾಡುತ್ತಿದ್ದಳು. ಹೋಳಿಗೆ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಪಾಯಸ. ನಾನು ಎರಡು ತುತ್ತು ತಿಂದು ಬಚ್ಚಲಿಗೆ ಓಡುತ್ತಿದ್ದೆ. ಅವಳು ಬಾಗಿಲಾಚೆ ನಿಂತು, "ಚೆನ್ನಾಗಿರ್ಲಿಲ್ವಾ?" ಎಂದು ಅಳುವ ದನಿಯಲ್ಲಿ ಕೇಳುತ್ತಿದ್ದಳು. ಇದನ್ನು ಕೇಳಿ ಟೀಚರ್, "ಅವರನ್ನೂ ಕರ್ಕೊಂಡ್ ಬನ್ನಿ" ಎಂದರು.

ನಾಗವೇಣಿಯ ಹೊಟ್ಟೆ ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿದವರಿಲ್ಲ. ಬಹಳ ಸಂಭಾವಿತ ಹೊಟ್ಟೆ ಎಂದು ಅಕ್ಕಪಕ್ಕದ ಹೆಂಗಸರು ಹೊಗಳುತ್ತಿದ್ದರು. ಆ ಶುಕ್ರವಾರ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಮೊಳಕೆ ಬಂದ ಹೆಸರುಕಾಳಿನ ಪಲ್ಯ, ರಾಗಿ ಗಂಜಿ ಅವತ್ತಿನ ಪಾಠ. ಗಂಜಿ ಒಲೆಯ ಮೇಲಿತ್ತು. ಅದು ಕುದಿಯುವುದನ್ನು ಎಲ್ಲರೂ ಸುಮ್ಮನೆ ಕಾಯುತ್ತಿದ್ದೆವು. ಆ ಮೌನದಲ್ಲಿ ತೀರಾ ಸಣ್ಣದೊಂದು ದನಿ ಕೇಳಿಸಿತು.

"ನಿನ್ನೆ ಬೆಳಿಗ್ಗೆ ತಂಗಳು ಮುದ್ದೆ, ಅರ್ಧ. ಆಮೇಲೆ ಟೀ. ಆಮೇಲೆ ಟೀ."

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಮ್ಮ ಆರು ಜನರದ್ದೂ ಅಲ್ಲ. ನಾಗವೇಣಿ ಸೆರಗನ್ನು ಎರಡು ಸುತ್ತು ಎಳೆದುಕೊಳ್ಳುತ್ತಿದ್ದಳು.

"ಮನೇಲಿ ಒಂದಿನಾನೂ ನಂಗೆ ಕೇಳ್ಸಿಲ್ವಲ್ಲ" ಎಂದೆ.

"ನೀವು ಮನೇಲಿದ್ದಾಗ ಕೂಗಾಡ್ತಿದ್ರಿ" ಎಂದಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. "ಕೂಗಾಡ್ದೇ ಇದ್ದಾಗ ಮಲಗಿರ್ತಿದ್ರಿ."

ಟೀಚರ್ ಅವಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಒಳಗೆಲ್ಲ ಬಿಳಿಚಿಕೊಂಡಿತ್ತು. ನನಗೆ ಬಡಿಸಿ, ನಾನು ತಿಂದೆನೋ ಬಿಟ್ಟೆನೋ ಎಂಬ ಆತಂಕದಲ್ಲೇ ವರ್ಷಗಟ್ಟಲೆ ಅವಳು ತನ್ನ ತಟ್ಟೆಯನ್ನು ಮರೆತಿದ್ದಳು. ಹೋಳಿಗೆ ತಟ್ಟಿದ ದಿನವೂ ಅವಳ ಪಾಲಿಗೆ ಟೀ. ಗಂಜಿ ಆದ ತಕ್ಷಣ ಟೀಚರ್ ಮೊದಲ ಬಟ್ಟಲನ್ನು ಅವಳ ಕೈಗೆ ಕೊಟ್ಟರು. ಅವಳು ಕುಡಿಯುವುದನ್ನು ಉಳಿದವರೆಲ್ಲ ನೋಡುತ್ತ ನಿಂತರು. ಅಂತೋಣಿ ತನ್ನ ಬಟ್ಟಲನ್ನೂ ಮೆಲ್ಲಗೆ ಅವಳ ಪಕ್ಕಕ್ಕೆ ಸರಿಸಿದ. ನನಗೆ ನನ್ನ ಚಪ್ಪಲಿಯನ್ನು ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ.

ಮಾರನೆಯ ದಿನದಿಂದ ಬೆಳಗಿನ ಅಡುಗೆ ನಾನು ಹಿಡಿದೆ. ನಾಗವೇಣಿ ಬೇಡವೆಂದಳು, ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೊಣಕಾಲು ತಬ್ಬಿಕೊಂಡು ನೋಡಿದಳು. ಮುದ್ದೆ ಕೂಡಿಸುವುದು ತಲೆ ಬೋಳಿಸುವಷ್ಟು ಸುಲಭವಲ್ಲ. ಮೊದಲ ದಿನ ಉಂಡಾದ ಮೇಲೆ ಅವಳ ಹೊಟ್ಟೆ, "ಮುದ್ದೆ ಒಂದು, ಗಂಟು ಹನ್ನೊಂದು" ಎಂದು ವರದಿ ಕೊಟ್ಟಿತು. ಒಂದು ವಾರದಲ್ಲಿ ಗಂಟು ನಾಲ್ಕಕ್ಕೆ ಇಳಿಯಿತು. ನುಗ್ಗೆಸೊಪ್ಪು ಬಿಡಿಸುವುದರಲ್ಲಿ ಮಾತ್ರ ನನ್ನ ಸಮಕ್ಕೆ ಯಾರೂ ಇಲ್ಲ. ಹೊಸದೊಂದು ಬಾಚಣಿಗೆ ತಂದು, ಕಡ್ಡಿಯ ಬುಡ ಹಿಡಿದು ಒಂದೇ ಎಳೆತಕ್ಕೆ ಎಲೆಯನ್ನೆಲ್ಲ ಉದುರಿಸುತ್ತಿದ್ದೆ. ನಮ್ಮ ಬೀದಿಯ ಹೆಂಗಸರು ತಮ್ಮ ಮನೆಯ ಸೊಪ್ಪನ್ನೂ ತಂದು ನನ್ನ ಮುಂದೆ ಹಾಕಿ ಹೋಗತೊಡಗಿದರು. ಹಾಗೆ ನೋಡಿದರೆ, ಕುಡಿತ ಬಿಟ್ಟ ಮೇಲೆ ನನಗೆ ಬಂದ ಮೊದಲ ಗಿರಾಕಿಗಳು ಅವರೇ.

ಎರಡನೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು. "ಸೊಪ್ಪು ಇನ್ನೊಂದ್ ಚೂರು" ಎಂದು ಕೇಳಿಸಿತು. ನಾನು ಸೌಟಿನಲ್ಲಿ ಎತ್ತಿ ಅವಳ ತಟ್ಟೆಗೆ ಹಾಕಲು ಹೋದೆ.

"ನಂದಲ್ಲ" ಎಂದಳು ನಾಗವೇಣಿ.

ಇಬ್ಬರೂ ನನ್ನ ಬನಿಯನ್ನಿನ ಕಡೆ ನೋಡಿದೆವು. ದನಿ ಸ್ವಲ್ಪ ಒರಟಾಗಿತ್ತು, ಬಹಳ ದಿನ ಜ್ವರ ಬಿದ್ದು ಎದ್ದವರ ದನಿಯ ಹಾಗೆ. ಸೌಟು ಹಿಡಿದ ಕೈ ಹಾಗೇ ನಿಂತಿತ್ತು. ನಾಗವೇಣಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಹಾಕ್ಕೊಳ್ಳಿ ಮತ್ತೆ, ಕೇಳ್ತಿದೆಯಲ್ಲ" ಎಂದಳು.

ಕ್ಲಾಸು ಮುಗಿಯಿತು. ಅಂಗಡಿಯ ಬೀಗ ತೆಗೆದೆವು. ಮೊದಲ ವಾರ ಬಂದವನು ಅಂತೋಣಿ ಒಬ್ಬನೇ. ನನಗೆ ಧೈರ್ಯ ತುಂಬಲೆಂದು ದಿನಾ ಬಂದು ಕೂರುತ್ತಿದ್ದ, ಕೊನೆಗೆ ಕತ್ತರಿಸಲು ಅವನ ತಲೆಯಲ್ಲಿ ಏನೂ ಉಳಿಯಲಿಲ್ಲ. ಎರಡನೇ ವಾರ ಪುಟ್ಟಮಲ್ಲಮ್ಮ ಬಂದರು. ನೀರಿನ ಟ್ಯಾಂಕಿನ ವಾಲ್ವ್‌ಮನ್ ಚೆಲುವರಾಜುವಿನ ತಾಯಿ. ಮಗನಿಗೆ ಮೂವತ್ತೆಂಟು ವರ್ಷಕ್ಕೆ ಹೆಣ್ಣು ಗೊತ್ತಾಗಿತ್ತು.

"ನಮ್ಮನೆ ಮದುವೆ ಗಂಡುಗಳಿಗೆಲ್ಲ ನಿಮ್ಮಪ್ಪನೇ ಕ್ಷೌರ ಮಾಡ್ತಿದ್ದಿದ್ದು. ಚೆಲುವನಿಗೆ ನೀನೇ ಮಾಡ್ಬೇಕು" ಎಂದರು. "ಮೊದ್ಲು ಹತ್ರ ಬಾ."

ಹತ್ತಿರ ಹೋದೆ. ಅವರು ಸಂಕೋಚವಿಲ್ಲದೆ ನನ್ನ ಹೊಟ್ಟೆಗೆ ಕಿವಿ ಇಟ್ಟರು. "ರಾಗಿ ಗಂಜಿ. ಹೆಸರುಕಾಳು. ಬಾಳೆಹಣ್ಣು" ಎಂದಿತು ಅದು, ವಿಧೇಯ ವಿದ್ಯಾರ್ಥಿಯ ಹಾಗೆ. ಮುದುಕಿ ನೆಟ್ಟಗಾಗಿ, "ಭಾನುವಾರ, ಹನ್ನೆರಡೂವರೆಗೆ ಮುಹೂರ್ತ" ಎಂದು ಹೇಳಿ ಹೊರಟುಹೋದರು.

ಭಾನುವಾರ ಐದಕ್ಕೇ ಎದ್ದೆ. ಕತ್ತಿ ಮಸೆದೆ, ಕನ್ನಡಿ ಒರೆಸಿದೆ, ಮತ್ತೆ ಕತ್ತಿ ಮಸೆದೆ. ಪುಟ್ಟಮಲ್ಲಮ್ಮ ಕಿವಿಯಿಟ್ಟು ಕೇಳಿದ ಸುದ್ದಿ ಊರೆಲ್ಲ ಹರಡಿ, ಏಳು ಗಂಟೆಗೇ ಗಂಡಿನ ಕಡೆಯವರು ಸಾಲಾಗಿ ಬಂದು ಕೂತರು. ಚಿಕ್ಕಪ್ಪಂದಿರು, ಭಾವಂದಿರು, ಅವರ ಜೊತೆಗೆ ಹೆಣ್ಣಿನ ಸೋದರಮಾವ. ಹತ್ತಾರು ತಿಂಗಳ ಮೇಲೆ ಬೆಂಚು ತುಂಬಿತ್ತು. ನಾಗವೇಣಿ ಮದುವೆ ಮನೆಯ ಕೆಲಸಕ್ಕೆ ಹೋಗುವ ಮೊದಲು ಟಿಫನ್ ಡಬ್ಬಿಯನ್ನು ಕನ್ನಡಿಯ ಕೆಳಗಿಟ್ಟು, "ಮರೀಬೇಡಿ" ಎಂದು ಹೋಗಿದ್ದಳು. ನಾನು ಮರೆತೆ.

ಹನ್ನೊಂದಕ್ಕೆ ಚೆಲುವರಾಜು ಬಂದು ಕೂತ. ನೊರೆ ಹಚ್ಚಿದೆ. ಎಡಗೆನ್ನೆ ಮುಗಿಸಿದೆ, ಬೆಣ್ಣೆಯ ಹಾಗೆ ಬಂತು. ಬಲಗಡೆಗೆ ಬಂದು ನಿಂತೆ. ಅವನ ಕಿವಿ ನನ್ನ ಹೊಟ್ಟೆಯ ಪಕ್ಕಕ್ಕೆ ಬಂತು. ಕತ್ತಿ ಅವನ ಗಂಟಲ ಹತ್ತಿರ ಇತ್ತು.

"ಕ್ವಾರ್ಟರ್" ಎಂದಿತು ನನ್ನ ಹೊಟ್ಟೆ, ಇಡೀ ಅಂಗಡಿಗೆ ಕೇಳುವ ಹಾಗೆ.

ಬೆಂಚಿನ ಮೇಲಿದ್ದ ಆರು ಜನ ಒಟ್ಟಿಗೇ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ನನ್ನ ಬೆನ್ನಿನ ಮೇಲೆ ಬೆವರು ಇಳಿಯಿತು. ಕತ್ತಿಯ ತುದಿ ನಡುಗುವುದು ನನಗೇ ಕಾಣಿಸಿತು. ಹೊಟ್ಟೆ ಸುಳ್ಳು ಹೇಳುವುದಿಲ್ಲ, ಕೇಳಿದೆಯೆಂದರೆ ಬೇಕಾಗಿದೆ. ವೈನ್ ಶಾಪು ಬಸ್ ನಿಲ್ದಾಣದ ಆಚೆ ಬದಿಗೆ, ಅರವತ್ತು ಹೆಜ್ಜೆ. ಒಂದು ನಿಮಿಷ ಬರ್ತೀನಿ ಎಂದು ಹೋಗಿದ್ದರೆ ಆ ಆರು ಜನರಲ್ಲಿ ಒಬ್ಬನೂ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಅಷ್ಟು ಮರ್ಯಾದಸ್ಥರು.

ಚೆಲುವರಾಜು ತಲೆ ಎತ್ತಲಿಲ್ಲ. ಕಣ್ಣು ಮಾತ್ರ ತೆರೆದು ನನ್ನನ್ನು ಕೆಳಗಿನಿಂದ ನೋಡಿದ.

"ತಿರುಮಲಣ್ಣ, ಬೆಳಿಗ್ಗೆಯಿಂದ ಏನ್ ತಿಂದಿದ್ದೀರಿ?"

"ಏನೂ ಇಲ್ಲ."

"ಕತ್ತಿ ಆ ಕಡೆ ಇಡಿ. ಮೊದ್ಲು ಉಣ್ಣಿ."

"ಮುಹೂರ್ತ ಇದೆಯಲ್ಲ ಚೆಲುವರಾಜು."

"ಅರ್ಧ ಮುಖ ಇಟ್ಕೊಂಡು ನಾನು ಹೆಂಗೂ ಹೋಗೋ ಹಂಗಿಲ್ಲ. ನೀವು ಉಂಡ್ರೇ ನನ್ನ ಮದುವೆ."

ಪಕ್ಕದ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚಿದೆ. ನುಗ್ಗೆಸೊಪ್ಪು ಹಾಕಿದ ರಾಗಿ ರೊಟ್ಟಿ, ಕಾಳಿನ ಪಲ್ಯ, ಮೊಸರು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ಗಂಡಿನ ಚಿಕ್ಕಪ್ಪ ಗಡಿಯಾರ ನೋಡಿದರು. ಹೆಣ್ಣಿನ ಸೋದರಮಾವ ಎದ್ದು ಬಂದು ನನ್ನ ಲೋಟಕ್ಕೆ ಇನ್ನಷ್ಟು ನೀರು ಬಗ್ಗಿಸಿದರು. ಎರಡು ರೊಟ್ಟಿ ತಿಂದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂತೆ.

"ರೊಟ್ಟಿ ಎರಡು. ಮೊಸರು. ಸಾಕು" ಎಂದಿತು ಹೊಟ್ಟೆ. ಆಸೆ ಪೂರ್ತಿ ಹೋಯಿತೆಂದು ಹೇಳಲಾರೆ. ಬಾಗಿಲ ಬಳಿ ನಿಂತಿತ್ತು, ಮೈಮೇಲೆ ಇರಲಿಲ್ಲ.

"ನನಗೂ ಒಂದು" ಎಂದಿತು ಇನ್ನೊಂದು ದನಿ. ಈ ಸಲ ಚೆಲುವರಾಜುವಿನದು. ತಾಳಿ ಕಟ್ಟುವವರೆಗೆ ಗಂಡು ಉಪವಾಸ ಇರಬೇಕೆಂದು ಅವರ ಮನೆಯ ಕಟ್ಟಳೆ. ಅವನು ನನ್ನ ಡಬ್ಬಿಯನ್ನೂ ಬೆಂಚಿನ ಮೇಲಿನ ಹಿರಿಯರನ್ನೂ ನೋಡಿದ. "ತಾಳಿ ಕಟ್ಟೋವಾಗ ಕೈ ನಡುಗಿದ್ರೆ ಕಷ್ಟ, ಈಗ್ತಾನೇ ನೋಡಿದ್ರಲ್ಲ" ಎಂದ. ಉಳಿದಿದ್ದ ಒಂದು ರೊಟ್ಟಿಯನ್ನು, ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ತಿಂದ.

"ಮಂಟಪದಲ್ಲಿ ಇದು ಬಾಯಿಬಿಟ್ರೆ ಏನೋ ಮಾಡ್ತೀಯ?" ಎಂದು ಚಿಕ್ಕಪ್ಪ ಕೇಳಿದರು.

"ಓಲಗದೋರಿಗೆ ಹೇಳಿ, ಜೋರಾಗಿ ಊದ್ಲಿ. ಗಟ್ಟಿಮೇಳ ಇರೋದು ಮತ್ಯಾಕೆ?"

ಒಣಗಿದ ನೊರೆಯನ್ನು ಒರೆಸಿ ಹೊಸದಾಗಿ ಹಚ್ಚಿದೆ. ಬಲಗೆನ್ನೆ, ಗದ್ದ, ಗಂಟಲು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವನ ಮುಖಕ್ಕೆ ಪೌಡರ್ ಹಾಕಿ ಕುರ್ಚಿಯಿಂದ ಇಳಿಸಿದೆ.

ಮದುವೆಗೆ ನಾನೂ ಹೋಗಿ ಕೊನೆಯ ಸಾಲಿನಲ್ಲಿ ನಾಗವೇಣಿಯ ಪಕ್ಕದಲ್ಲಿ ನಿಂತೆ. ತಾಳಿ ಎತ್ತಿದಾಗ ಓಲಗದವರು ಕೆನ್ನೆ ಒಡೆಯುವ ಹಾಗೆ ಊದಿದರು, ಡೋಲು ಚಪ್ಪರವನ್ನೇ ಅಲ್ಲಾಡಿಸಿತು. ಎರಡು ಗಂಟು ಬಿತ್ತು. ಮೂರನೆಯ ಗಂಟಿಗೆ ಬರುವಾಗ ನಾಗಸ್ವರದವರು ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರು.

"ರೊಟ್ಟಿ ಒಂದು" ಎಂದಿತು ಗಂಡಿನ ಹೊಟ್ಟೆ.

ಪುಟ್ಟಮಲ್ಲಮ್ಮ ಮಗನನ್ನು ನೋಡಿದರು. ಮುನ್ನೂರು ಜನ ಅಕ್ಷತೆ ಹಿಡಿದು ಅಲುಗಾಡದೆ ನಿಂತರು. ಆಗ ಹೆಣ್ಣಿನ ಜರಿ ಸೀರೆಯ ಒಳಗಿನಿಂದ, ಅಷ್ಟೇ ಸ್ಪಷ್ಟವಾಗಿ, "ಇಡ್ಲಿ ಮೂರು" ಎಂದು ಕೇಳಿಸಿತು.

ಚೆಲುವರಾಜು ತಲೆ ಎತ್ತಿ ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು. ಇಬ್ಬರ ಭುಜವೂ ನಗುವಿಗೆ ಕುಲುಕುತ್ತಿತ್ತು, ಮೂರನೆಯ ಗಂಟು ಹಾಕಲು ಅವನಿಗೆ ಎರಡು ಸಲ ಬೇಕಾಯಿತು. ಅಕ್ಷತೆ ಬಿತ್ತು, ಓಲಗ ಮತ್ತೆ ಎದ್ದಿತು, ಆ ಗದ್ದಲದಲ್ಲಿ ಎಲ್ಲರೂ ಎಲ್ಲರ ಮುಖ ನೋಡಿಕೊಂಡು ನಗುತ್ತಿದ್ದರು. ಗಂಡಿನ ಗದ್ದ ಎಷ್ಟು ನುಣ್ಣಗಿದೆ, ಒಂದು ಗೀರೂ ಇಲ್ಲ ಎಂಬುದನ್ನು ಗಮನಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ನಾಗವೇಣಿ ಮಾತ್ರ ಗಮನಿಸಿದಳು.